ಹದಿಮೂರು ಸೆಂಟಿಮೀಟರಿಗೆ ದೋಷ ಪರಿಹಾರ

"ಮಾವ, ರೀಡಿಂಗ್ ಎಷ್ಟು ಬರೀಲಿ?"

ಕಳೆದ ಸಲ ಹುಲಿಕೆರೆಗೆ ಹೋದಾಗ ಅಕ್ಕನ ಮಗ ನನ್ನನ್ನು ಕೇಳಿದ ಪ್ರಶ್ನೆ ಇದು. ಫಸ್ಟ್ ಪಿಯು ಸೈನ್ಸ್ ಓದುತ್ತಿದ್ದಾನೆ. ಜಗಲಿ ಮೇಲೆ ರೆಕಾರ್ಡ್ ಪುಸ್ತಕ ಹರಡಿಕೊಂಡು, ಪೆನ್ಸಿಲ್ಲನ್ನು ಬಾಯಲ್ಲಿ ಕಚ್ಚಿಕೊಂಡು ಕೂತಿದ್ದ. ಆ ಪ್ರಶ್ನೆಯನ್ನು ದಯವಿಟ್ಟು ಇನ್ನೊಂದು ಸಲ ಓದಿ. ಅವನು ಕೇಳಿದ್ದು "ಎಷ್ಟು ಬಂದಿದೆ ನೋಡು ಮಾವ" ಅಂತ ಅಲ್ಲ, "ಎಷ್ಟು ಬರೀಲಿ" ಅಂತ. ಮದುವೆ ಮನೆಯಲ್ಲಿ ಮುಯ್ಯಿ ಎಷ್ಟು ಬರೆಸಬೇಕು ಅಂತ ಕೇಳ್ತಾರಲ್ಲ, ಅದೇ ದನಿ.

ಪ್ರಯೋಗ ಸರಳವಾದದ್ದು. ಮೇಜಿನ ಮೇಲೆ ಒಂದು ಇಳಿಜಾರು. ಅದರ ತುದಿಯಿಂದ ಉಕ್ಕಿನ ಗುಂಡು ಬಿಡಬೇಕು. ಗುಂಡು ಉರುಳಿಕೊಂಡು ಬಂದು ಮೇಜಿನ ಅಂಚಿನಿಂದ ಅಡ್ಡಕ್ಕೆ ಹಾರಿ ನೆಲಕ್ಕೆ ಬೀಳುತ್ತದೆ. ನೆಲದ ಮೇಲೆ ಬಿಳಿ ಹಾಳೆ, ಅದರ ಮೇಲೆ ಕಾರ್ಬನ್ ಪೇಪರ್. ಬಿದ್ದಲ್ಲಿ ಚುಕ್ಕೆ ಮೂಡುತ್ತದೆ. ಮೇಜಿನ ಅಂಚಿನಿಂದ ಚುಕ್ಕೆಗೆ ಎಷ್ಟು ದೂರ ಅಂತ ಅಳೆಯಬೇಕು. ಇದಕ್ಕೆ ಪ್ರೊಜೆಕ್ಟೈಲ್ ಮೋಷನ್ ಅಂತ ಹೆಸರು. ಕೊನೆಗೆ "ದೋಷದ ಮೂಲಗಳು" ಅಂತ ನಾಲ್ಕು ಸಾಲು ಬರೆಯಬೇಕು.

ಲೆಕ್ಕವೂ ಸರಳ. ಇಳಿಜಾರಿನ ಎತ್ತರ 20 ಸೆಂ.ಮೀ., ಮೇಜಿನ ಎತ್ತರ 75 ಸೆಂ.ಮೀ. ಎರಡನ್ನೂ ಗುಣಿಸಿದರೆ 1500. ಅದರ ವರ್ಗಮೂಲ 38.7. ಅದನ್ನು 2ರಿಂದ ಗುಣಿಸಿದರೆ 77.5. ಅಂದರೆ ಗುಂಡು 77.5 ಸೆಂ.ಮೀ. ದೂರಕ್ಕೆ ಬೀಳಬೇಕು. ತಮಾಷೆ ಅಂದ್ರೆ ಈ ಲೆಕ್ಕದಲ್ಲಿ ಗುರುತ್ವದ ಅಂಕಿಯೇ ಬೇಕಿಲ್ಲ, ಎರಡು ಕಡೆಯಿಂದಲೂ ಹೊಡೆದು ಹೋಗುತ್ತದೆ. ಚಂದ್ರನ ಮೇಲೆ ಮಾಡಿದರೂ ಅಷ್ಟೇ ದೂರ.

ಹುಡುಗನಿಗೆ ಬಂದಿದ್ದು 64.6. ಒಂದು ಸಲ ಅಲ್ಲ, ಹತ್ತು ಸಲ ಬಿಟ್ಟಿದ್ದಾನೆ. ಹತ್ತು ಚುಕ್ಕೆಗಳೂ ಒಂದು ಸೆಂಟಿಮೀಟರಿನೊಳಗೆ, ಒಂದರ ಪಕ್ಕ ಒಂದು. ಪಕ್ಕದ ಬೆಂಚಿನವರಿಗೂ ಹೆಚ್ಚುಕಮ್ಮಿ ಇಷ್ಟೇ ಬಂದಿದೆ.

"ಸಾರ್ ಏನಂದ್ರು?"

"ಐದು ಪರ್ಸೆಂಟ್ ಒಳಗೆ ಬರೋ ಹಂಗೆ ಅಡ್ಜಸ್ಟ್ ಮಾಡ್ಕೊಂಡು ಬರ್ರೋ, ಇಲ್ಲಾಂದ್ರೆ ಸೈನ್ ಹಾಕಲ್ಲ ಅಂದ್ರು ಮಾವ."

ಯಾವ ಕಾಲೇಜು, ಯಾವ ಸಾರ್ ಅಂತ ನಾನು ಹೇಳುವುದಿಲ್ಲ. ನಾನು ಓದಿದ ಕಾಲೇಜೂ ಇದಕ್ಕಿಂತ ಬೇರೆಯಾಗಿರಲಿಲ್ಲ, ಇದನ್ನು ಓದುತ್ತಿರುವ ನೀವು ಓದಿದ್ದೂ ಬಹುಶಃ ಬೇರೆಯಾಗಿರಲಿಲ್ಲ. ಎದೆ ಮುಟ್ಟಿಕೊಂಡು ಹೇಳಿ, ಸಿಂಪಲ್ ಪೆಂಡ್ಯುಲಮ್ಮಿನ ರೀಡಿಂಗನ್ನು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆಯದೇ ಇದ್ದವರು ನಿಮ್ಮಲ್ಲಿ ಯಾರು? ನಾನಂತೂ ಬರೆದಿದ್ದೇನೆ. ಸೀನಿಯರ್ ರೆಕಾರ್ಡ್ ಎದುರಿಗಿಟ್ಟುಕೊಂಡು, ದಶಮಾಂಶದ ಕೊನೆಯ ಅಂಕಿಯನ್ನು ಅಲ್ಲಲ್ಲಿ ಬದಲಾಯಿಸಿ, "ನೈಜವಾಗಿ" ಕಾಣೋ ಹಾಗೆ ಮಾಡಿದ್ದೇನೆ. ನಮ್ಮ ಬ್ಯಾಚಿನಲ್ಲಿ ಎಲ್ಲರಿಗೂ 9.8 ಬಂತು, ಕೆಲವರಿಗೆ 9.81.

ಅದು ಎಂಥ ಸುಳ್ಳು ಅಂತ ನನಗೆ ಗೊತ್ತಾಗಿದ್ದು ಬಿಇ ಮುಗಿಸಿ ಎಷ್ಟೋ ವರ್ಷಗಳಾದ ಮೇಲೆ. ಒಂದು ಮೀಟರ್ ದಾರದ ಪೆಂಡ್ಯುಲಮ್ 20 ಸಲ ತೂಗಲು ಸುಮಾರು 40 ಸೆಕೆಂಡು ಬೇಕು. ಸ್ಟಾಪ್‌ಕ್ಲಾಕ್ ಒತ್ತುವ ಬೆರಳು 0.2 ಸೆಕೆಂಡು ಆಚೀಚೆ ಆದರೆ ಸಮಯದಲ್ಲಿ ಅರ್ಧ ಪರ್ಸೆಂಟ್ ಏರುಪೇರು. ಸಮಯದ ವರ್ಗ ತೆಗೆದುಕೊಳ್ಳುವುದರಿಂದ ಉತ್ತರದಲ್ಲಿ ಒಂದು ಪರ್ಸೆಂಟ್. ಅಂದರೆ ಪ್ರಾಮಾಣಿಕವಾಗಿ ಮಾಡಿದ ತರಗತಿಯಲ್ಲಿ ಒಬ್ಬನಿಗೆ 9.7, ಇನ್ನೊಬ್ಬನಿಗೆ 9.9 ಬರಲೇಬೇಕು. ಅರವತ್ತು ಜನಕ್ಕೂ 9.8 ಬಂತು ಅಂದ್ರೆ ಅದು ನಿಖರತೆಗೆ ಸಾಕ್ಷಿಯಲ್ಲ, ಸಾಮೂಹಿಕ ನಕಲಿಗೆ ಸಾಕ್ಷಿ. ಇನ್ನೊಂದು ಮಜಾ ಕೇಳಿ. ಗುರುತ್ವ ಎಲ್ಲ ಕಡೆ ಒಂದೇ ಅಲ್ಲ, ಸಮಭಾಜಕಕ್ಕೆ ಹತ್ತಿರ ಹೋದಷ್ಟೂ, ಎತ್ತರಕ್ಕೆ ಹೋದಷ್ಟೂ ಕಡಿಮೆ. ನಮ್ಮ ಹಳೇಬೀಡಿನ ಸೀಮೆ ಇರುವುದು 13 ಡಿಗ್ರಿ ಅಕ್ಷಾಂಶದ ಹತ್ತಿರ, ಸಮುದ್ರಮಟ್ಟದಿಂದ 900 ಮೀಟರಿನ ಆಸುಪಾಸಿನಲ್ಲಿ. ಲೆಕ್ಕ ಹಾಕಿದರೆ ಇಲ್ಲಿ ಗುರುತ್ವ 9.78ರ ಹತ್ತಿರ ಬರುತ್ತದೆ. ನಾವು ಕದ್ದು ಬರೆದ 9.81 ನಮ್ಮೂರಿನದೇ ಅಲ್ಲ, ಯುರೋಪಿನದು! ಕಳ್ಳತನ ಮಾಡಿದ್ದೂ ಮಾಡಿದ್ದು, ಬೇರೆಯವರ ಮನೆ ವಿಳಾಸ ಬರೆದು ಬಂದ ಹಾಗೆ.

ಇರಲಿ, ಹುಡುಗನ ವಿಷಯಕ್ಕೆ ಬರೋಣ. "ದೋಷದ ಮೂಲಗಳು" ಅನ್ನುವ ಕಡೆ ಅವನು ಆಗಲೇ ಬರೆದಿಟ್ಟಿದ್ದ: ಗಾಳಿಯ ಪ್ರತಿರೋಧ, ಘರ್ಷಣೆ, ಪ್ಯಾರಲಾಕ್ಸ್, ಮಾನವ ದೋಷ. ಈ ನಾಲ್ಕು ಮಂತ್ರಗಳನ್ನು ನಾನೂ ಬರೆದಿದ್ದೆ, ನನ್ನ ಸೀನಿಯರ್ರೂ ಬರೆದಿದ್ದ. ಪ್ರಯೋಗ ಯಾವುದಾದರೂ ಆಗಲಿ, ಕೊನೆಗೆ ಇವು ಬರಬೇಕು, ಪೂಜೆ ಕೊನೆಗೆ ಮಂಗಳಾರತಿ ಬಂದ ಹಾಗೆ.

"ಗಾಳಿ ಎಷ್ಟು ಸೆಂಟಿಮೀಟರ್ ತಿಂತು?" ಅಂತ ಕೇಳಿದೆ. ಮುಖ ನೋಡಿದ. ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಎರಡು ಸೆಂಟಿಮೀಟರ್ ಅಗಲದ, ಮೂವತ್ತು ಚಿಲ್ಲರೆ ಗ್ರಾಂ ತೂಕದ ಉಕ್ಕಿನ ಗುಂಡು, ಸೆಕೆಂಡಿಗೆ ಎರಡು ಮೀಟರಿಗಿಂತ ಕಡಿಮೆ ವೇಗ, ಗಾಳಿಯಲ್ಲಿ ಇರುವುದು 0.4 ಸೆಕೆಂಡಿಗೂ ಕಡಿಮೆ. ಗಾಳಿ ತಿನ್ನುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಪ್ಯಾರಲಾಕ್ಸಿನಿಂದ ಒಂದೋ ಎರಡೋ ಮಿಲಿಮೀಟರ್, ಇರಲಿ ಬಿಡಿ. "ಮಾನವ ದೋಷ" ಇದ್ದಿದ್ದರೆ ಹತ್ತು ಚುಕ್ಕೆ ಹತ್ತು ದಿಕ್ಕಿಗೆ ಚೆದುರಬೇಕಿತ್ತು, ಹೀಗೆ ಗುಂಪಾಗಿ ಬೀಳುತ್ತಿರಲಿಲ್ಲ. ಹಾಗಾದರೆ ಬಾಕಿ ಹದಿಮೂರು ಸೆಂಟಿಮೀಟರ್ ಯಾರು ಹೊತ್ತುಕೊಂಡು ಹೋದರು?

ಉತ್ತರ ಗುಂಡಿನಲ್ಲೇ ಇದೆ. ಗುಂಡು ಜಾರಿಕೊಂಡು ಬರಲಿಲ್ಲ, ಉರುಳಿಕೊಂಡು ಬಂತು. ಎತ್ತರದಿಂದ ಇಳಿದಾಗ ಸಿಕ್ಕ ಶಕ್ತಿಯೆಲ್ಲ ಮುಂದಕ್ಕೆ ಓಡುವುದಕ್ಕೇ ಸಿಗುವುದಿಲ್ಲ, ತನ್ನ ಸುತ್ತ ತಾನು ತಿರುಗುವುದಕ್ಕೂ ಒಂದು ಪಾಲು ಕೊಡಬೇಕು. ಪಾಲಿಗೆ ಕೊಟ್ಟ ಹೊಲದ ಹಾಗೆ. ಗಟ್ಟಿ ಗುಂಡಿನ ಲೆಕ್ಕದಲ್ಲಿ 7 ಪಾಲಿನಲ್ಲಿ 5 ಪಾಲು ಓಟಕ್ಕೆ, 2 ಪಾಲು ತಿರುಗಾಟಕ್ಕೆ. ಅದರಿಂದ ವೇಗ 0.845 ಪಟ್ಟಿಗೆ ಇಳಿಯುತ್ತದೆ. 77.5 ಅನ್ನು 0.845ರಿಂದ ಗುಣಿಸಿ ನೋಡಿ: 65.5. ಹುಡುಗನಿಗೆ ಬಂದಿದ್ದು 64.6.

ಅಂದರೆ ಹುಡುಗ ಅಳೆದಿದ್ದು ಸರಿಯಿತ್ತು. ತಪ್ಪಿದ್ದು ಬೋರ್ಡಿನ ಮೇಲೆ ಬರೆದುಕೊಟ್ಟ ಸೂತ್ರ. ಉರುಳುವ ಗುಂಡಿಗೆ ಜಾರುವ ಗುಂಡಿನ ಸೂತ್ರ ಹಚ್ಚಿದ್ದರು. ತಿರುಗುವಿಕೆಯ ಪಾಠ ಅದೇ ವರ್ಷದ ಪಠ್ಯದಲ್ಲಿ, ಕೆಲವು ಅಧ್ಯಾಯಗಳ ಆಚೆ ಇದೆ. ಒಂದು ಕಾರ್ಬನ್ ಪೇಪರಿನ ಮೇಲೆ ಹತ್ತು ಚುಕ್ಕೆಗಳು ಕೂತು ಆ ಅಧ್ಯಾಯವನ್ನು ಕೂಗಿ ಹೇಳುತ್ತಿದ್ದವು. ಅವುಗಳಿಗೆ ನಮ್ಮ ಉತ್ತರ: ಬಾಯಿ ಮುಚ್ಚಿ, ಅಡ್ಜಸ್ಟ್ ಮಾಡ್ಕೊಳ್ಳಿ.

ನನ್ನ ಸಿಟ್ಟು ಇದರ ಮೇಲೆ. ಹುಡುಗನಿಗೆ ಸುಳ್ಳು ಹೇಳಿಕೊಟ್ಟಿರಿ ಅಂತಷ್ಟೇ ಅಲ್ಲ. ನಿಜ ಹೇಳಿದ ಅಂಕಿಯನ್ನು ರಬ್ಬರಿನಲ್ಲಿ ಅಳಿಸಿ, ಅದಕ್ಕೆ ವಿಜ್ಞಾನ ಅಂತ ಸಹಿ ಹಾಕುತ್ತೀರಲ್ಲ, ಅದು.

ತೊಂದರೆ "ದೋಷ" ಅನ್ನುವ ಪದದಲ್ಲೇ ಇದೆ ಅಂತ ನನಗೆ ಒಮ್ಮೊಮ್ಮೆ ಅನಿಸುತ್ತದೆ. ನಮ್ಮ ಕಡೆ ದೋಷ ಅಂದ್ರೆ ಕುಜದೋಷ, ಸರ್ಪದೋಷ, ದೃಷ್ಟಿದೋಷ. ದೋಷ ಇದ್ದರೆ ಮುಚ್ಚಿಡಬೇಕು, ಇಲ್ಲಾ ಶಾಂತಿ ಮಾಡಿಸಬೇಕು. ಯಾಕೆ ಬಂತು ಅಂತ ಯಾರೂ ಅಳೆಯಲು ಹೋಗುವುದಿಲ್ಲ. ಲ್ಯಾಬಿನಲ್ಲೂ ಅದನ್ನೇ ಮಾಡುತ್ತಿದ್ದೇವೆ. ರಬ್ಬರಿನಿಂದ ದೋಷ ಪರಿಹಾರ, ನಾಲ್ಕು ಸಾಲಿನ ಮಂತ್ರ, ಸಾರ್ ಸಹಿಯೇ ಪ್ರಸಾದ.

ಈ ಪ್ರಯೋಗವನ್ನು ಮೊದಲು ಮಾಡಿದವರಲ್ಲಿ ಒಬ್ಬ ಗೆಲಿಲಿಯೋ. 1608ರ ಸುಮಾರಿಗೆ ಅವನು ಇಳಿಜಾರಿನಲ್ಲಿ ಗುಂಡು ಉರುಳಿಸಿ, ಮೇಜಿನಿಂದ ಹಾರಿಸಿ, ಬಿದ್ದ ದೂರವನ್ನು ಬರೆದಿಟ್ಟ ಹಾಳೆ ಇವತ್ತಿಗೂ ಫ್ಲಾರೆನ್ಸಿನಲ್ಲಿದೆ. ಸ್ಟಿಲ್‌ಮನ್ ಡ್ರೇಕ್ ಎಂಬ ವಿದ್ವಾಂಸ 1973ರಲ್ಲಿ ಅದನ್ನು ಬೆಳಕಿಗೆ ತಂದರು. ಆ ಹಾಳೆಯಲ್ಲಿ ಏನಿದೆ ಗೊತ್ತಾ? ಒಂದು ಎತ್ತರಕ್ಕೆ ಲೆಕ್ಕದ ಪ್ರಕಾರ 1131 ಬರಬೇಕು, ಬಂದಿದ್ದು 1172. ಪಕ್ಕದಲ್ಲಿ ಬರೆದಿದ್ದಾನೆ: ವ್ಯತ್ಯಾಸ 41. ಇನ್ನೊಂದಕ್ಕೆ 1306 ಬರಬೇಕು, ಬಂದಿದ್ದು 1328, ವ್ಯತ್ಯಾಸ 22. ಮತ್ತೊಂದಕ್ಕೆ 1460 ಬರಬೇಕು, ಬಂದಿದ್ದು 1500, ವ್ಯತ್ಯಾಸ 40. ಯಾವುದನ್ನೂ ಅಳಿಸಿಲ್ಲ. ಅವನು ಬಳಸಿದ ಪದ "ದೋಷ" ಅಲ್ಲ, "ವ್ಯತ್ಯಾಸ". ನಾಲ್ಕುನೂರು ವರ್ಷಗಳ ಹಿಂದೆ ಗೆಲಿಲಿಯೋಗೆ ಇದ್ದ ಧೈರ್ಯ ಇವತ್ತಿನ ನಮ್ಮ ಪಿಯು ಹುಡುಗನಿಗೆ ಯಾಕಿಲ್ಲ? ಗೆಲಿಲಿಯೋಗೆ ಯಾರೂ ರೆಕಾರ್ಡಿಗೆ ಸೈನ್ ಹಾಕಬೇಕಿರಲಿಲ್ಲ, ಅದಕ್ಕೆ.

ದೂರದ ಇಟಲಿ ಬೇಡ, ನಮ್ಮವರನ್ನೇ ತಗೊಳ್ಳಿ. ಪ್ರತಿ ವರ್ಷ ಫೆಬ್ರವರಿ 28ಕ್ಕೆ ಶಾಲೆ ಕಾಲೇಜುಗಳಲ್ಲಿ ವಿಜ್ಞಾನ ದಿನ ಮಾಡ್ತೀವಿ. ರಂಗೋಲಿ, ಭಾಷಣ, ರಾಮನ್ ಫೋಟೋಗೆ ಹಾರ. ಆ ದಿನದ ಹಿಂದಿನ ಕಥೆಯನ್ನು ಯಾರೂ ಹೇಳುವುದಿಲ್ಲ. 1923ರಲ್ಲಿ ಕಲ್ಕತ್ತೆಯಲ್ಲಿ ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್ ದ್ರವಗಳಲ್ಲಿ ಬೆಳಕು ಚೆದುರುವುದನ್ನು ನೋಡುತ್ತಿದ್ದಾಗ ಒಂದು ಮಂಕು ಬೆಳಕು ಕಾಣಿಸಿತು. ಇರಬಾರದಾಗಿದ್ದ ಬೆಳಕು. ದ್ರವದಲ್ಲಿ ಕಲ್ಮಶ ಇರಬೇಕು ಅಂದುಕೊಂಡು ಮತ್ತೆ ಮತ್ತೆ ಶುದ್ಧ ಮಾಡಿದರು. ಹೋಗಲಿಲ್ಲ. ಆ ಹೋಗದ ಮಂಕು ಬೆಳಕಿನ ಹಿಂದೆ ಬಿದ್ದವರಿಗೆ 1928ರಲ್ಲಿ ಸಿಕ್ಕಿದ್ದೇ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. ರಾಮನಾಥನ್ ನಮ್ಮ ಲ್ಯಾಬಿನಲ್ಲಿ ಇದ್ದಿದ್ದರೆ "ದೋಷದ ಮೂಲ: ಕಲ್ಮಶ" ಅಂತ ಬರೆದು ಸೈನ್ ಹಾಕಿಸಿಕೊಂಡು ಮನೆಗೆ ಹೋಗುತ್ತಿದ್ದರು. ಹಾರ ಹಾಕುವುದು ರಾಮನ್‌ಗೆ, ರೆಕಾರ್ಡಿನಲ್ಲಿ ಅಳಿಸುವುದು ರಾಮನ್ ಕಂಡಂಥ ಬೆಳಕನ್ನೇ!

"ಬಿಡಯ್ಯ, ಹದಿನಾರು ವರ್ಷದ ಹುಡುಗರ ರೆಕಾರ್ಡಿಗೆ ಇಷ್ಟೆಲ್ಲ ರಗಳೆ ಯಾಕೆ" ಅಂತ ನನ್ನ ಗೆಳೆಯರು ಹೇಳುತ್ತಾರೆ. ಯಾಕೆ ಅಂದ್ರೆ, ಆ ಹುಡುಗರೇ ಬೆಳೆದು ನಮ್ಮ ಆಫೀಸಿಗೆ ಬರುತ್ತಾರೆ. ನಾನೂ ಹಾಗೇ ಬಂದವನು. ಸಾಫ್ಟ್‌ವೇರಿನಲ್ಲಿ ಟೆಸ್ಟ್ ಅಂತ ಬರೆಯುತ್ತೇವೆ: ಈ ಪ್ರೋಗ್ರಾಮಿನಿಂದ ಇಂಥ ಉತ್ತರ ಬರಬೇಕು ಅಂತ. ಬರಲಿಲ್ಲ ಅಂದ್ರೆ ಪ್ರೋಗ್ರಾಮ್ ಯಾಕೆ ತಪ್ಪಿತು ಅಂತ ನೋಡಬೇಕು. ಆದರೆ ಶುಕ್ರವಾರ ಸಂಜೆ ರಿಲೀಸ್ ಇದ್ದರೆ "ಬರಬೇಕಾದ ಉತ್ತರ"ವನ್ನೇ ಬದಲಾಯಿಸಿ ಹಸಿರು ಟಿಕ್ ಬರಿಸಿಕೊಂಡು ಮನೆಗೆ ಹೋಗುವವರನ್ನು ನೋಡಿದ್ದೇನೆ. ಒಂದು ಸಲ ನಾನೇ ಮಾಡಿದ್ದೇನೆ. ಆ ಕೈಚಳಕ ನನಗೆ ಬಿಇಯಲ್ಲಿ ಬಂದದ್ದಲ್ಲ, ಪಿಯು ಲ್ಯಾಬಿನಲ್ಲಿ ಬಂದದ್ದು.

ಅದರ ಬೆಲೆ ಎಷ್ಟಾಗಬಹುದು? 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದ ಹೊತ್ತಿನಲ್ಲಿ, ಸೌದಿ ಅರೇಬಿಯಾದ ಧಹ್ರಾನಿನಲ್ಲಿ ಇರಾಕಿನ ಒಂದು ಸ್ಕಡ್ ಕ್ಷಿಪಣಿ ಬಂತು. ಅದೂ ಪ್ರೊಜೆಕ್ಟೈಲೇ. ಅದನ್ನು ಆಕಾಶದಲ್ಲೇ ತಡೆಯಬೇಕಿದ್ದ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ತಡೆಯಲಿಲ್ಲ. ಕಾರಣ, ಅದರ ಕಂಪ್ಯೂಟರ್ ಸೆಕೆಂಡಿನ ಹತ್ತನೇ ಒಂದು ಭಾಗವನ್ನು 24 ಬಿಟ್‌ಗಳಲ್ಲಿ ಪೂರ್ತಿ ಹಿಡಿಸಲಾಗದೆ ಒಂದು ಚೂರು ಕತ್ತರಿಸುತ್ತಿತ್ತು. ತೃಣದಷ್ಟು ಚೂರು. ಆದರೆ ಯಂತ್ರ ನೂರು ಗಂಟೆ ನಿಲ್ಲದೆ ಓಡಿತ್ತು. ಚೂರು ಚೂರು ಸೇರಿ 0.34 ಸೆಕೆಂಡ್ ಆಯಿತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಯಂತ್ರ ಅದು ಇಲ್ಲದ ಕಡೆ ಹುಡುಕಿತು. 28 ಸೈನಿಕರು ಸತ್ತರು. ಹೊತ್ತು ಕಳೆದಂತೆ ಗುರಿ ಸರಿಯುತ್ತಿದೆ ಅಂತ ಇಸ್ರೇಲಿನವರು ಎರಡು ವಾರ ಮುಂಚೆಯೇ ಹೇಳಿದ್ದರು. ಸರಿಪಡಿಸಿದ ಸಾಫ್ಟ್‌ವೇರ್ ಧಹ್ರಾನಿಗೆ ಬಂದಿದ್ದು ಮರುದಿನ, ಫೆಬ್ರವರಿ 26ಕ್ಕೆ. ವ್ಯತ್ಯಾಸ ಕಾಣದೇ ಇರಲಿಲ್ಲ, ಕಂಡಿತ್ತು. ಅದನ್ನು ಹೊತ್ತಿಗೆ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಣ್ಣ ವ್ಯತ್ಯಾಸವನ್ನು ಒಪ್ಪಿಕೊಂಡರೆ ಮಾನ ಹೋಗುತ್ತದೆ ಅಂತ ನಮಗೆ ಭಯ. ಕ್ರಿಕೆಟ್ ನೋಡಿ ಸ್ವಾಮಿ. ನಮ್ಮೂರಿಗೆ ಹತ್ತಿರದ ಜಾವಗಲ್‌ನ ಹೆಸರು ಹೊತ್ತ ಶ್ರೀನಾಥ್ ಇಂಜಿನಿಯರಿಂಗ್ ಓದಿದವರು, ಈಗ ಮ್ಯಾಚ್ ರೆಫ್ರಿ. ಅವರು ಕೂತು ನೋಡುವ ಆಟದಲ್ಲಿ ಎಲ್‌ಬಿಡಬ್ಲ್ಯು ರಿವ್ಯೂ ಆದಾಗ ಏನಾಗುತ್ತದೆ? ಪ್ಯಾಡಿಗೆ ಬಡಿದ ಚೆಂಡು ಮುಂದೆ ಎಲ್ಲಿಗೆ ಹೋಗುತ್ತಿತ್ತು ಅಂತ ಕಂಪ್ಯೂಟರ್ ಗೆರೆ ಎಳೆಯುತ್ತದೆ. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ವಿಕೆಟ್ಟಿಗೆ ತಾಗುವಂತಿದ್ದರೆ "ಅಂಪೈರ್ಸ್ ಕಾಲ್", ಅಂಪೈರ್ ಹೇಳಿದ್ದೇ ಆಖೈರು. ಅಂದರೆ ಅಷ್ಟು ದುಬಾರಿ ಯಂತ್ರ ಕೋಟ್ಯಂತರ ಜನರ ಎದುರು "ಇಷ್ಟರ ಮಟ್ಟಿಗೆ ಗ್ಯಾರಂಟಿ ಇಲ್ಲ" ಅಂತ ಒಪ್ಪಿಕೊಳ್ಳುತ್ತದೆ. ಯಾರೂ ಅದಕ್ಕೆ ಸೈನ್ ಹಾಕಲ್ಲ ಅನ್ನುವುದಿಲ್ಲ. ಹತ್ತು ಸಾವಿರ ರೂಪಾಯಿ ಬಾಳದ ನಮ್ಮ ಲ್ಯಾಬಿಗೆ ಮಾತ್ರ ಐದು ಪರ್ಸೆಂಟಿನ ಹಠ.

ಮೇಷ್ಟ್ರುಗಳು ನನಗೆ ಬೈಯುತ್ತಾರೆ, ಗೊತ್ತು. ಅವರ ಕಷ್ಟ ಸುಳ್ಳಲ್ಲ. ಒಂದು ಬ್ಯಾಚಿನ ಹುಡುಗರಿಗೆಲ್ಲ ಎರಡೋ ಮೂರೋ ಸೆಟ್ ಉಪಕರಣ. ಪೋರ್ಷನ್ ಮುಗಿಸಬೇಕು. ಸೆಕೆಂಡ್ ಪಿಯುನಲ್ಲಿ ಭೌತಶಾಸ್ತ್ರದ 100ರಲ್ಲಿ 30 ಅಂಕ ಪ್ರಾಕ್ಟಿಕಲ್ಲಿಗೆ, ಅದರಲ್ಲಿ ಮಕ್ಕಳಿಗೆ ಕಡಿಮೆಯಾದರೆ ತಂದೆತಾಯಿ, ಪ್ರಿನ್ಸಿಪಾಲ್ ಎಲ್ಲರೂ ಬಂದು ಕೇಳುವುದು ಮೇಷ್ಟ್ರನ್ನೇ. ಹೊರಗಿನಿಂದ ಬರುವ ಪರೀಕ್ಷಕರಿಗೆ ಒಂದೊಂದು ಪುಸ್ತಕ ನೋಡಲು ಸಿಗುವುದು ನಿಮಿಷಗಳು ಮಾತ್ರ, ಉತ್ತರ "ಸರಿ" ಇದೆಯಾ ಅಂತ ನೋಡುವುದು ಸುಲಭ. ಎಲ್ಲ ಒಪ್ಪಿದೆ. ಆದರೆ ನಾನು ಕೇಳುವ ಬದಲಾವಣೆಗೆ ದುಡ್ಡು ಬೇಡ, ಹೊಸ ಕಟ್ಟಡವೂ ಬೇಡ.

ಒಂದು, ರೀಡಿಂಗನ್ನು ಲ್ಯಾಬಿನಲ್ಲೇ ಪೆನ್ನಿನಲ್ಲಿ ಬರೆಯಲಿ. ತಪ್ಪಾದರೆ ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ, ರಬ್ಬರ್ ಮಾತ್ರ ಒಳಗೆ ಬರಬಾರದು. ಎರಡು, ಉತ್ತರಕ್ಕೆ ಅಂಕ ಕಡಿಮೆ ಮಾಡಿ, ಉತ್ತರ ಯಾಕೆ ಬೇರೆ ಬಂತು ಅನ್ನುವುದಕ್ಕೆ ಅಂಕ ಕೊಡಿ. ಮೂರು, "ಗಾಳಿಯ ಪ್ರತಿರೋಧ" ಅಂತ ಬರೆದವನನ್ನು "ಎಷ್ಟು ಮಿಲಿಮೀಟರ್?" ಅಂತ ಕೇಳಿ. ಅಂದಾಜೂ ಹೇಳದಿದ್ದರೆ ಆ ಸಾಲಿಗೆ ಸೊನ್ನೆ. ನಾಲ್ಕು, ಇಡೀ ಬ್ಯಾಚಿಗೆ 9.8 ಬಂದಿದ್ದರೆ ಪರೀಕ್ಷಕರು ಖುಷಿಪಡಬೇಡಿ, ಅನುಮಾನಪಡಿ. ಅಷ್ಟೇ.

ಹುಲಿಕೆರೆಗೆ ಜನ ಬರುವುದು ನಮ್ಮ ಕೊಳ ನೋಡಲು. ಹೊಯ್ಸಳರ ಕಾಲದ್ದು, ಸುತ್ತ ಮೆಟ್ಟಿಲು, ಮೆಟ್ಟಿಲ ಮೇಲೆ ಪುಟ್ಟ ಪುಟ್ಟ ಗುಡಿಗಳು. ಅದನ್ನು ಕಟ್ಟಿದ ಕೆಲಸಗಾರನ ಕಲ್ಲು ಒಂದು ಬೆರಳು ಕಮ್ಮಿ ಬಂದಿದ್ದರೆ ಅವನು ಅಳತೆಯ ಪಟ್ಟಿಯನ್ನು ತಿದ್ದುತ್ತಿರಲಿಲ್ಲ, ಕಲ್ಲನ್ನು ತಿದ್ದುತ್ತಿದ್ದ. ಹುಣಸೆ ಮರಕ್ಕೆ ಕಲ್ಲು ಹೊಡೆಯುವ ನಮ್ಮೂರ ಹುಡುಗನಿಗೂ ಇದು ಗೊತ್ತು. ಮೊದಲನೇ ಕಲ್ಲು ಕೆಳಗೆ ಹೋದರೆ ಎರಡನೆಯದನ್ನು ಮೇಲಕ್ಕೆ ಬೀಸುತ್ತಾನೆ. ಕಾಯಿ ಬಿತ್ತು ಅಂತ ಯಾರಿಗೂ ಬರೆದು ತೋರಿಸುವುದಿಲ್ಲ. ಅಂಥ ಹುಡುಗನನ್ನು ಲ್ಯಾಬಿನೊಳಗೆ ಕರೆದು ನಾವು ಇದನ್ನು ಮರೆಸುತ್ತಿದ್ದೇವೆ.

ಆ ರಾತ್ರಿ ನಾವಿಬ್ಬರೂ ಮನೆಯ ಹಳೇ ಮೇಜಿನ ಮೇಲೆ ಪ್ರಯೋಗವನ್ನು ಮತ್ತೆ ಮಾಡಿದೆವು. ಮರದ ಪಟ್ಟಿ, ಗ್ಯಾರೇಜಿನಿಂದ ತಂದ ಬೇರಿಂಗ್ ಗುಂಡು. ಇಲ್ಲೂ 64.6ರ ಆಸುಪಾಸೇ ಬಂತು. ಲೆಕ್ಕದ 65.5ಕ್ಕೆ ಇನ್ನೂ 9 ಮಿಲಿಮೀಟರ್ ಕಡಿಮೆ ಇತ್ತು. ಗುಂಡು ಹಾರುವ ತುದಿಯ ಮೇಲೆ ಒಂದು ಹನಿ ನೀರು ಬಿಟ್ಟೆ, ಮೆಲ್ಲಗೆ ಅಂಚಿನ ಕಡೆ ಹರಿಯಿತು. ತುದಿ ಕೆಳಗೆ ಬಾಗಿತ್ತು. ಒಂದು ಡಿಗ್ರಿ ಬಾಗಿದರೂ ಅರ್ಧ ಸೆಂಟಿಮೀಟರ್ ಹೋಗುತ್ತದೆ. ಅವನೇ ಪೇಪರ್ ಮಡಚಿ ಕಾಲಿನ ಕೆಳಗೆ ಇಟ್ಟು ಮಟ್ಟ ಮಾಡಿದ. ಮತ್ತೆ ಹತ್ತು ಸಲ ಬಿಟ್ಟ. 65.1 ಬಂತು. ಉಳಿದ 4 ಮಿಲಿಮೀಟರ್ ಯಾಕೆ ಅಂತ ನಮಗಿಬ್ಬರಿಗೂ ಹೊಳೆಯಲಿಲ್ಲ. ಹಾಗೇ ಬರೆದೆವು: ಬರಬೇಕಿದ್ದದ್ದು 65.5, ಬಂದಿದ್ದು 65.1, ವ್ಯತ್ಯಾಸ 0.4. ಎರಡು ಸೂತ್ರಗಳನ್ನೂ, ನೀರಿನ ಹನಿಯ ಕಥೆಯನ್ನೂ ಅವನೇ ಕೂತು ಬರೆದ. ಹನ್ನೊಂದು ಗಂಟೆಯಾದರೂ ಏಳಲಿಲ್ಲ, ಅಕ್ಕ ಬಂದು ಇಬ್ಬರಿಗೂ ಬೈದಳು.

ಮುಂದಿನ ವಾರ ಬೆಂಗಳೂರಿಗೆ ಫೋನ್ ಬಂತು. ಸಾರ್ ಸೈನ್ ಹಾಕಿದ್ದಾರೆ. 77.5ರ ಸೂತ್ರ ಇದ್ದ ಕಡೆ ಕೆಂಪು ಇಂಕಿನಲ್ಲಿ ಸರಿ ಗುರುತು, 65.1ರ ಪಕ್ಕ ತಪ್ಪು ಗುರುತು, 10ಕ್ಕೆ 6.

"ಮಾವ, ಉಳಿದೋರೆಲ್ಲಾ 75 ಬರ್ಕೊಂಡು ಹೋಗಿದ್ರು, ಅವರಿಗೆ 9 ಕೊಟ್ಟವ್ರೆ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ನಾಲ್ಕು ಅಂಕ ಹೋದದ್ದು ನನ್ನಿಂದ. ಮುಂದಿನ ಸಲ ಏನು ಬರೀತೀಯ ಅಂತ ಕೇಳುವ ಧೈರ್ಯವೂ ಆಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನೇ ಕೇಳಿದ:

"ಮಾವ, ಆ ಪಟ್ಟೀಲಿ ಗಾಡಿ ಕೊರೆದಿದ್ವಲ್ಲ, ಗುಂಡು ಅದರ ಎರಡು ಅಂಚಿನ ಮೇಲೆ ಕೂತ್ಕೊಂಡು ಉರುಳ್ತಿತ್ತು. ಹಂಗಾದ್ರೆ ಇನ್ನೂ ಜಾಸ್ತಿ ತಿರುಗ್ತದೆ ಅಲ್ವಾ? ಆ 4 ಮಿಲಿಮೀಟರ್ ಅದೇ ಇರಬೌದಾ?"

ಇರಬಹುದು. ಈ ಸಲ ಊರಿಗೆ ಹೋದಾಗ ಅಳೆದು ನೋಡುತ್ತೇವೆ. ಪಿಯು ಮೇಷ್ಟ್ರುಗಳಲ್ಲಿ ಯಾರಿಗಾದರೂ ಬಿಡುವಿದ್ದರೆ, ದಯವಿಟ್ಟು ನೀವೂ ಬನ್ನಿ.